೬೫ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು

೬೫ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ೨೦೧೭ನೆಯ ಸಾಲಿನ ಭಾರತೀಯ ಚಲನಚಿತ್ರಗಳಿಗಾಗಿ ಭಾರತ ಸರ್ಕಾರವು ನೀಡಿದ ಪ್ರಶಸ್ತಿಗಳಾಗಿವೆ. ಇವುಗಳನ್ನು ೧೩ ಏಪ್ರಿಲ್ ೨೦೧೮ರಂದು ಪ್ರಕಟಿಸಲಾಯಿತು. ಪ್ರದಾನ ಸಮಾರಂಭವು ೩ ಮೇ ೨೦೧೮ರಂದು ನವದೆಹಲಿಯ ವಿಜ್ಞಾನ ಭವನದಲ್ಲಿ ನಡೆಯಿತು. ರಿಮಾ ದಾಸ್ ನಿರ್ದೇಶನದ ಅಸ್ಸಾಮಿ ಚಿತ್ರ 'ವಿಲೇಜ್ ರಾಕ್‌ಸ್ಟಾರ್ಸ್' ಅತ್ಯುತ್ತಮ ಕಥಾಚಿತ್ರವೆಂದು ಆಯ್ಕೆಯಾಯಿತು. ದಿವಂಗತ ನಟಿ ಶ್ರೀದೇವಿ ಅವರಿಗೆ 'ಮಾಮ್' ಚಿತ್ರಕ್ಕಾಗಿ ಅತ್ಯುತ್ತಮ ನಟಿ ಪ್ರಶಸ್ತಿಯೂ, ಬಂಗಾಳಿ ನಟ ಋದ್ಧಿ ಸೇನ್ ಅವರಿಗೆ 'ನಗರ್‌ಕೀರ್ತನ್' ಚಿತ್ರಕ್ಕಾಗಿ ಅತ್ಯುತ್ತಮ ನಟ ಪ್ರಶಸ್ತಿಯೂ ದೊರೆತವು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ನಟ ವಿನೋದ್ ಖನ್ನಾ ಅವರಿಗೆ ಮರಣೋತ್ತರವಾಗಿ ನೀಡಲಾಯಿತು. ರಾಷ್ಟ್ರಪತಿಗಳು ಹನ್ನೊಂದು ಪ್ರಶಸ್ತಿಗಳನ್ನು ಮಾತ್ರ ಸ್ವಹಸ್ತದಿಂದ ನೀಡುವರೆಂಬ ವಿಷಯವು ಸಮಾರಂಭದ ಹಿಂದಿನ ದಿನ ತಿಳಿದುಬಂದುದರಿಂದ ಐವತ್ತಕ್ಕೂ ಹೆಚ್ಚು ವಿಜೇತರು ಸಭಾಂಗಣಕ್ಕೆ ಬರಲಿಲ್ಲ. ಈ ವರ್ಷದ ಪ್ರಶಸ್ತಿಗಳು ಇಂದಿಗೂ ನೆನಪಿನಲ್ಲಿ ಉಳಿದಿರುವುದು ಬಹುಮಟ್ಟಿಗೆ ಈ ಘಟನೆಯಿಂದಾಗಿ.

ಹಿನ್ನೆಲೆ

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳನ್ನು ೧೯೫೪ರಲ್ಲಿ ಸ್ಥಾಪಿಸಲಾಯಿತು. ೧೯೫೩ನೆಯ ಸಾಲಿನ ಚಿತ್ರಗಳಿಗೆ ನೀಡಲಾದ ಮೊದಲ ಪ್ರಶಸ್ತಿಗಳಲ್ಲಿ ಮರಾಠಿಯ 'ಶ್ಯಾಮ್‌ಚಿ ಆಯಿ' ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆಯಿತು. ಪದಕದ ಹೆಸರಿನಲ್ಲಿಯೇ ರಾಷ್ಟ್ರಪತಿಗಳಿದ್ದರೆಂಬುದನ್ನು ಇಲ್ಲಿ ಗಮನಿಸಬೇಕು. ಮುಂದೆ ಪದಕಗಳ ಸ್ಥಾನದಲ್ಲಿ ಸ್ವರ್ಣ ಕಮಲ ಹಾಗೂ ರಜತ ಕಮಲಗಳು ಬಂದವು. ಆದರೆ ದೇಶದ ಪ್ರಥಮ ಪ್ರಜೆಯ ಕೈಯಿಂದ ಪ್ರಶಸ್ತಿ ಸ್ವೀಕರಿಸುವುದು ಎಂಬ ಭಾವನೆ ಈ ಗೌರವದೊಂದಿಗೆ ಬೆಸೆದುಕೊಂಡೇ ಉಳಿಯಿತು. ರಾಷ್ಟ್ರಪತಿಗಳು ಬಾರದ ಸಂದರ್ಭಗಳೂ ಇದ್ದವು. ೨೦೧೨ರ ಮೇ ೩ರಂದು ನಡೆದ ೫೯ನೆಯ ಪ್ರಶಸ್ತಿ ಸಮಾರಂಭದಲ್ಲಿ ಉಪರಾಷ್ಟ್ರಪತಿ ಹಮೀದ್ ಅನ್ಸಾರಿ ಪ್ರಶಸ್ತಿಗಳನ್ನು ನೀಡಿದ್ದರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಬ್ಯಾರಿ ಭಾಷೆಯ 'ಬ್ಯಾರಿ' ಚಿತ್ರವು ಮರಾಠಿಯ 'ದೇವೂಳ್' ಚಿತ್ರದೊಂದಿಗೆ ಸ್ವರ್ಣ ಕಮಲವನ್ನು ಹಂಚಿಕೊಂಡದ್ದು ಅದೇ ವರ್ಷ.

ಸಮಾರಂಭಕ್ಕೆ ಮೇ ೩ನ್ನು ಆರಿಸಿಕೊಳ್ಳುತ್ತಿದ್ದ ಆಗಿನ ರೂಢಿಗೂ ಕಾರಣವಿತ್ತು. ದಾದಾಸಾಹೇಬ್ ಫಾಲ್ಕೆ ಅವರ 'ರಾಜಾ ಹರಿಶ್ಚಂದ್ರ' ಮುಂಬಯಿಯಲ್ಲಿ ಸಾರ್ವಜನಿಕವಾಗಿ ತೆರೆಕಂಡದ್ದು ೧೯೧೩ರ ಮೇ ೩ರಂದು.

ಆಯ್ಕೆಯ ಕ್ರಮ

ಈ ಪ್ರಶಸ್ತಿಗಳ ನಿರ್ವಹಣೆಯನ್ನು ಆಗ ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ಅಧೀನದಲ್ಲಿದ್ದ ಚಲನಚಿತ್ರೋತ್ಸವ ನಿರ್ದೇಶನಾಲಯವು ನೋಡಿಕೊಳ್ಳುತ್ತಿತ್ತು. ೧ ಜನವರಿ ೨೦೧೭ರಿಂದ ೩೧ ಡಿಸೆಂಬರ್ ೨೦೧೭ರ ಒಳಗೆ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯಿಂದ ಪ್ರಮಾಣಪತ್ರ ಪಡೆದ ಚಿತ್ರಗಳು ಸ್ಪರ್ಧೆಗೆ ಅರ್ಹವಾಗಿದ್ದವು. ಇಲ್ಲಿ ಲೆಕ್ಕಕ್ಕೆ ಬರುವುದು ಪ್ರಮಾಣಪತ್ರದ ದಿನಾಂಕವೇ ಹೊರತು ಬಿಡುಗಡೆಯ ದಿನಾಂಕವಲ್ಲ. ಪ್ರಶಸ್ತಿ ಪ್ರಕಟವಾದಾಗ ಜನರು ಇನ್ನೂ ನೋಡಿರದ ಚಿತ್ರಗಳ ಹೆಸರು ಪಟ್ಟಿಯಲ್ಲಿ ಕಾಣಿಸಿಕೊಳ್ಳಲು ಇದೇ ಕಾರಣ. 'ವಿಲೇಜ್ ರಾಕ್‌ಸ್ಟಾರ್ಸ್' ಭಾರತದ ಚಿತ್ರಮಂದಿರಗಳಿಗೆ ಬಂದದ್ದು ೨೦೧೮ರ ಸೆಪ್ಟೆಂಬರ್ ತಿಂಗಳಿನಲ್ಲಿ, 'ನಗರ್‌ಕೀರ್ತನ್' ಬಂದದ್ದು ೨೦೧೯ರ ಫೆಬ್ರವರಿಯಲ್ಲಿ.

ಕಥಾಚಿತ್ರಗಳ ಆಯ್ಕೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲಿಗೆ ಪ್ರಾದೇಶಿಕ ಸಮಿತಿಗಳು ತಮ್ಮ ಪಾಲಿಗೆ ಬಂದ ಭಾಷೆಗಳ ಚಿತ್ರಗಳನ್ನು ವೀಕ್ಷಿಸಿ ಶಿಫಾರಸು ಮಾಡುತ್ತವೆ. ಬಳಿಕ ಕೇಂದ್ರ ತೀರ್ಪುಗಾರರ ಮಂಡಳಿಯು ಅಂತಿಮ ನಿರ್ಣಯ ಕೈಗೊಳ್ಳುತ್ತದೆ. ಈ ಸಾಲಿನ ಕೇಂದ್ರ ಮಂಡಳಿಗೆ ನಿರ್ದೇಶಕ ಶೇಖರ್ ಕಪೂರ್ ಅಧ್ಯಕ್ಷರಾಗಿದ್ದರು. ಕನ್ನಡದ ನಿರ್ದೇಶಕ ಪಿ. ಶೇಷಾದ್ರಿ, ನಟಿ ಗೌತಮಿ, ಬಂಗಾಳದ ಅನಿರುದ್ಧ ರಾಯ್ ಚೌಧುರಿ, ಮರಾಠಿಯ ರಾಜೇಶ್ ಮಾಪುಸ್ಕರ್, ರಂಗಕರ್ಮಿ ತ್ರಿಪುರಾರಿ ಶರ್ಮಾ ಮೊದಲಾದವರು ಸದಸ್ಯರಾಗಿದ್ದರು. ಪ್ರಶಸ್ತಿಗಳನ್ನು ಪ್ರಕಟಿಸುತ್ತಾ ಕಪೂರ್ ಅವರು ಪ್ರಾದೇಶಿಕ ಭಾಷೆಗಳ ಚಿತ್ರಗಳ ಗುಣಮಟ್ಟ ತಮ್ಮನ್ನು ಬೆರಗುಗೊಳಿಸಿತೆಂದೂ, ಹಿಂದಿ ಚಿತ್ರರಂಗ ಅವುಗಳೊಂದಿಗೆ ಪೈಪೋಟಿ ನಡೆಸಲು ಶ್ರಮಿಸಬೇಕಾಗುವುದೆಂದೂ ಅಭಿಪ್ರಾಯಪಟ್ಟರು. ಪ್ರಮುಖ ಪ್ರಶಸ್ತಿಗಳ ಪಟ್ಟಿಯನ್ನು ಗಮನಿಸಿದರೆ ಇದು ಕೇವಲ ಸೌಜನ್ಯದ ಮಾತಾಗಿರಲಿಲ್ಲವೆಂಬುದು ತಿಳಿಯುತ್ತದೆ.

ಪ್ರಶಸ್ತಿ ವಿಜೇತರು

ಅತ್ಯುತ್ತಮ ಕಥಾಚಿತ್ರ

'ವಿಲೇಜ್ ರಾಕ್‌ಸ್ಟಾರ್ಸ್' ಚಿತ್ರವು ಒಟ್ಟು ನಾಲ್ಕು ಪ್ರಶಸ್ತಿಗಳನ್ನು ಪಡೆಯಿತು. ಅಸ್ಸಾಮಿನ ಛಯ್‌ಗಾಂವ್ ಪರಿಸರದಲ್ಲಿ, ಪ್ರವಾಹ ಪೀಡಿತ ಹಳ್ಳಿಯೊಂದರಲ್ಲಿ ವಿಧವೆ ತಾಯಿಯೊಂದಿಗೆ ಬದುಕುವ ಧುನು ಎಂಬ ಬಾಲಕಿ ಗಿಟಾರ್ ಕೊಳ್ಳುವ ಕನಸು ಕಾಣುವುದು ಇದರ ಕಥೆ. ಪಾತ್ರಧಾರಿಗಳು ವೃತ್ತಿನಟರಲ್ಲ, ಆ ಊರಿನವರೇ. ಚಲನಚಿತ್ರ ನಿರ್ಮಾಣದಲ್ಲಿ ಔಪಚಾರಿಕ ಶಿಕ್ಷಣ ಪಡೆಯದ ರಿಮಾ ದಾಸ್ ಈ ಚಿತ್ರದ ರಚನೆ, ನಿರ್ದೇಶನ, ಛಾಯಾಗ್ರಹಣ, ಸಂಕಲನ ಹಾಗೂ ನಿರ್ಮಾಣಗಳೆಲ್ಲವನ್ನೂ ತಾವೇ ನಿರ್ವಹಿಸಿದರು. ಹೀಗಾಗಿ ಅತ್ಯುತ್ತಮ ಸಂಕಲನದ ಪ್ರಶಸ್ತಿಯೂ ಅವರಿಗೇ ಸಂದಿತು. ಧುನುವಿನ ಪಾತ್ರ ವಹಿಸಿದ ಭನಿತಾ ದಾಸ್ ಅತ್ಯುತ್ತಮ ಬಾಲಕಲಾವಿದೆ ಎನಿಸಿದರು. ಮಲ್ಲಿಕಾ ದಾಸ್ ಅವರಿಗೆ ಚಿತ್ರೀಕರಣ ಸ್ಥಳದ ಧ್ವನಿಮುದ್ರಣಕ್ಕಾಗಿ ಪ್ರಶಸ್ತಿ ದೊರೆಯಿತು.

ಅಸ್ಸಾಮಿ ಭಾಷೆಯ ಚಿತ್ರವೊಂದಕ್ಕೆ ಸ್ವರ್ಣ ಕಮಲ ಸಂದದ್ದು ಜಾಹ್ನು ಬರುವಾ ಅವರ 'ಹಲೋಧಿಯಾ ಚೊರಾಯೇ ಬಾವೊಧಾನ್ ಖಾಯ್' ಚಿತ್ರದ ಬಳಿಕ ಇದೇ ಮೊದಲು. ಇವೆರಡರ ನಡುವಿನ ಅಂತರ ಮೂರು ದಶಕ. ಕನ್ನಡದ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡಬಹುದು. 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಹೀಗೆ ಆರು ಬಾರಿ ಈ ಗೌರವ ಪಡೆದ ಕನ್ನಡಕ್ಕೆ ೨೦೦೧ನೆಯ ಸಾಲಿನ 'ದ್ವೀಪ'ದ ನಂತರ ಈ ೬೫ನೆಯ ಆವೃತ್ತಿಯವರೆಗೆ ಅದು ಮತ್ತೆ ದೊರೆತಿರಲಿಲ್ಲ. 'ವಿಲೇಜ್ ರಾಕ್‌ಸ್ಟಾರ್ಸ್' ಅನ್ನು ಮುಂದೆ ಆಸ್ಕರ್ ಪ್ರಶಸ್ತಿಯ ವಿದೇಶಿ ಭಾಷಾ ಚಿತ್ರ ವಿಭಾಗಕ್ಕೆ ಭಾರತದ ಅಧಿಕೃತ ಪ್ರವೇಶವಾಗಿ ಕಳುಹಿಸಲಾಯಿತು.

ನಿರ್ದೇಶನ ಮತ್ತು ಅಭಿನಯ

ಮಲಯಾಳಂ ಚಿತ್ರ 'ಭಯಾನಕಂ'ಗಾಗಿ ಜಯರಾಜ್ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯನ್ನೂ, ಆಧಾರಿತ ಚಿತ್ರಕಥೆಯ ಪ್ರಶಸ್ತಿಯನ್ನೂ ಪಡೆದರು. ತಕಳಿ ಶಿವಶಂಕರ ಪಿಳ್ಳೈ ಅವರ 'ಕಯರ್' ಕಾದಂಬರಿಯ ಭಾಗವನ್ನು ಆಧರಿಸಿದ ಈ ಚಿತ್ರದಲ್ಲಿ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಸೈನಿಕನೊಬ್ಬ ಕುಟ್ಟನಾಡಿನಲ್ಲಿ ಅಂಚೆಯವನಾಗುತ್ತಾನೆ. ಸೈನ್ಯ ಸೇರಿದ ಮಕ್ಕಳ ಮನಿಯಾರ್ಡರು ತಂದುಕೊಡುತ್ತಿದ್ದ ಆತನೇ ಎರಡನೆಯ ಮಹಾಯುದ್ಧ ಆರಂಭವಾದೊಡನೆ ಅವರ ಸಾವಿನ ತಂತಿಗಳನ್ನು ಹೊತ್ತು ಮನೆಮನೆಗೆ ಹೋಗಬೇಕಾಗುತ್ತದೆ. ಛಾಯಾಗ್ರಾಹಕ ನಿಖಿಲ್ ಎಸ್. ಪ್ರವೀಣ್ ಅವರಿಗೂ ಇದೇ ಚಿತ್ರಕ್ಕಾಗಿ ಪ್ರಶಸ್ತಿ ಲಭಿಸಿತು.

ಅತ್ಯುತ್ತಮ ನಟ ಋದ್ಧಿ ಸೇನ್ ಅವರಿಗೆ ಪ್ರಶಸ್ತಿ ಪ್ರಕಟವಾದಾಗ ಹತ್ತೊಂಬತ್ತು ವರ್ಷ. ಕೌಶಿಕ್ ಗಂಗೂಲಿ ನಿರ್ದೇಶನದ 'ನಗರ್‌ಕೀರ್ತನ್' ಚಿತ್ರದಲ್ಲಿ ಅವರು ಲಿಂಗತ್ವ ಅಲ್ಪಸಂಖ್ಯಾತ ಯುವತಿಯ ಪಾತ್ರ ವಹಿಸಿದ್ದರು. ಈ ಚಿತ್ರಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿಯೂ, ವಸ್ತ್ರವಿನ್ಯಾಸ ಮತ್ತು ಪ್ರಸಾಧನ ವಿಭಾಗಗಳ ಪ್ರಶಸ್ತಿಗಳೂ ಸಂದವು.

೨೦೧೮ರ ಫೆಬ್ರವರಿ ೨೪ರಂದು ದುಬೈಯಲ್ಲಿ ನಿಧನರಾದ ಶ್ರೀದೇವಿ, ಬಾಲನಟಿಯಾಗಿ ಆರಂಭಿಸಿ ಐದು ದಶಕಗಳ ಕಾಲ ಹಲವು ಭಾಷೆಗಳಲ್ಲಿ ಅಭಿನಯಿಸಿದರೂ ಜೀವಿತಕಾಲದಲ್ಲಿ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯನ್ನು ಪಡೆದಿರಲಿಲ್ಲ. ಅನುಕಂಪದಿಂದ ಈ ಪ್ರಶಸ್ತಿ ಬಂದಿತೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಮಂಡಳಿಯ ಅಧ್ಯಕ್ಷರೇ ಆಕೆಯನ್ನು 'ಮಿಸ್ಟರ್ ಇಂಡಿಯಾ' ಚಿತ್ರದಲ್ಲಿ ನಿರ್ದೇಶಿಸಿದ್ದವರು. ಆ ಚಿತ್ರದ ನಿರ್ಮಾಪಕರು ಆಕೆಯ ಪತಿ ಬೋನಿ ಕಪೂರ್. ಈ ಒಡನಾಟದ ಕಾರಣಕ್ಕಾಗಿ ಪ್ರಶಸ್ತಿ ಹೋಗಬಾರದೆಂದು ತಾವು ವಾದಿಸಿದ್ದಾಗಿಯೂ, ಮತ್ತೆ ಮತ್ತೆ ಮತದಾನ ನಡೆಸಿದಾಗಲೂ ಆಕೆಯ ಹೆಸರೇ ಬಂದಿತೆಂದೂ ಶೇಖರ್ ಕಪೂರ್ ಪತ್ರಿಕಾಗೋಷ್ಠಿಯಲ್ಲಿ ವಿವರಿಸಿದರು.

ಪೋಷಕ ನಟ ಪ್ರಶಸ್ತಿಯು 'ತೊಂಡಿಮುದಲುಂ ದೃಕ್ಸಾಕ್ಷಿಯುಂ' ಚಿತ್ರದ ಫಹಾದ್ ಫಾಸಿಲ್ ಅವರಿಗೂ, ಪೋಷಕ ನಟಿ ಪ್ರಶಸ್ತಿಯು 'ಇರಾದಾ' ಚಿತ್ರದ ದಿವ್ಯಾ ದತ್ತಾ ಅವರಿಗೂ ದೊರೆತವು. ಕಾಸರಗೋಡಿನ ಪೊಲೀಸ್ ಠಾಣೆಯೊಂದರ ಸುತ್ತ ಹೆಣೆದ 'ತೊಂಡಿಮುದಲುಂ' ಅತ್ಯುತ್ತಮ ಮಲಯಾಳಂ ಚಿತ್ರವೂ ಆಯಿತು. 'ನ್ಯೂಟನ್' ಚಿತ್ರದ ಪಂಕಜ್ ತ್ರಿಪಾಠಿ ಹಾಗೂ 'ಟೇಕ್ ಆಫ್' ಚಿತ್ರದ ಪಾರ್ವತಿ ವಿಶೇಷ ಉಲ್ಲೇಖಕ್ಕೆ ಪಾತ್ರರಾದರು.

ಸಂಗೀತ ಮತ್ತು ಇತರ ವಿಭಾಗಗಳು

ಎ. ಆರ್. ರೆಹಮಾನ್ ಅವರು ಒಂದೇ ವರ್ಷ ಎರಡು ಪ್ರಶಸ್ತಿಗಳನ್ನು ಪಡೆದರು: ತಮಿಳಿನ 'ಕಾಟ್ರು ವೆಳಿಯಿಡೈ' ಚಿತ್ರದ ಗೀತೆಗಳಿಗಾಗಿ ಒಂದು, 'ಮಾಮ್' ಚಿತ್ರದ ಹಿನ್ನೆಲೆ ಸಂಗೀತಕ್ಕಾಗಿ ಇನ್ನೊಂದು. ಗಾಯಕ ಕೆ. ಜೆ. ಯೇಸುದಾಸ್ ಅವರಿಗೆ ಮಲಯಾಳಂ ಗೀತೆಗಾಗಿ ಎಂಟನೆಯ ರಾಷ್ಟ್ರೀಯ ಪ್ರಶಸ್ತಿ ಸಂದಿತು. ಗಾಯಕಿಯರ ವಿಭಾಗದಲ್ಲಿ ಶಾಶಾ ತಿರುಪತಿ ಆಯ್ಕೆಯಾದರು. ಜನಪ್ರಿಯ ಮನರಂಜನಾ ಚಿತ್ರವೆಂದು 'ಬಾಹುಬಲಿ ೨' ಆಯ್ಕೆಯಾಯಿತು. ಇದರ ಸಾಹಸ ಹಾಗೂ ವಿಶೇಷ ದೃಶ್ಯಪರಿಣಾಮಗಳಿಗೂ ಪ್ರಶಸ್ತಿ ಬಂದವು. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಮರಾಠಿಯ 'ಧಪ್ಪಾ'ಗೆ, ಮಕ್ಕಳ ಚಿತ್ರ ಪ್ರಶಸ್ತಿ ಮರಾಠಿಯದೇ ಆದ 'ಮ್ಹೋರ್ಕ್ಯಾ'ಗೆ ಸಂದವು. ಕಥೇತರ ವಿಭಾಗದಲ್ಲಿ 'ವಾಟರ್ ಬೇಬಿ' ಅತ್ಯುತ್ತಮ ಚಿತ್ರವಾದರೆ, 'ಪಾವಸಾಚಾ ನಿಬಂಧ'ಕ್ಕಾಗಿ ನಾಗರಾಜ್ ಮಂಜುಳೆ ಅತ್ಯುತ್ತಮ ನಿರ್ದೇಶಕರಾದರು.

ಕನ್ನಡ, ತುಳು ಮತ್ತು ಇತರ ಭಾಷೆಗಳು

ಎನ್. ಆರ್. ನಂಜುಂಡೇಗೌಡ ನಿರ್ದೇಶನದ 'ಹೆಬ್ಬೆಟ್ಟು ರಾಮಕ್ಕ' ಅತ್ಯುತ್ತಮ ಕನ್ನಡ ಚಿತ್ರವಾಗಿ ಆಯ್ಕೆಯಾಯಿತು. ಮಹಿಳಾ ಮೀಸಲಾತಿಯ ಫಲವಾಗಿ ಅಧಿಕಾರದ ಕುರ್ಚಿಗೆ ಬರುವ ಅನಕ್ಷರಸ್ಥ ಹಳ್ಳಿಯ ಹೆಣ್ಣುಮಗಳ ಕಥೆಯಿದು. ಸಹಿಯ ಬದಲು ಹೆಬ್ಬೆಟ್ಟು ಒತ್ತುವವಳ ಹೆಸರಿನಲ್ಲಿ ಅಧಿಕಾರ ನಡೆಸುವವರು ಯಾರು ಎಂಬುದನ್ನು ಚಿತ್ರ ವಿಡಂಬನೆಯ ಧಾಟಿಯಲ್ಲಿ ಹೇಳುತ್ತದೆ. ಮುಖ್ಯಪಾತ್ರ ವಹಿಸಿದ ತಾರಾ ಅವರು ಈ ಹಿಂದೆಯೇ, ಗಿರೀಶ ಕಾಸರವಳ್ಳಿ ಅವರ 'ಹಸೀನಾ' ಚಿತ್ರಕ್ಕಾಗಿ ರಾಷ್ಟ್ರೀಯ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದವರು. ಕನ್ನಡಕ್ಕೆ ಸಂದ ಮತ್ತೊಂದು ಗೌರವವೆಂದರೆ ಅತ್ಯುತ್ತಮ ಗೀತರಚನೆ. ಕೂಡ್ಲು ರಾಮಕೃಷ್ಣ ನಿರ್ದೇಶನದ 'ಮಾರ್ಚ್ ೨೨' ಚಿತ್ರದ ಗೀತೆಗಾಗಿ ಜೆ. ಎಂ. ಪ್ರಹ್ಲಾದ್ ಇದನ್ನು ಪಡೆದರು. ಇದು ಒಂದು ಭಾಷೆಗೆ ಮೀಸಲಾದ ಪ್ರಶಸ್ತಿಯಲ್ಲ, ಎಲ್ಲ ಭಾಷೆಗಳ ಗೀತೆಗಳ ನಡುವೆ ಗೆಲ್ಲಬೇಕಾದದ್ದು.

ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸೇರಿರುವ ಭಾಷೆಗಳಿಗೆ ಒಂದೊಂದು ಪ್ರಶಸ್ತಿಯಿರುವಂತೆ, ಅದರ ಹೊರಗಿರುವ ಭಾಷೆಗಳ ಚಿತ್ರಗಳನ್ನೂ ಪ್ರತ್ಯೇಕವಾಗಿ ಪುರಸ್ಕರಿಸುವ ಅವಕಾಶ ನಿಯಮಾವಳಿಯಲ್ಲಿದೆ. ಈ ಬಾರಿ ತುಳು, ಲಡಾಖಿ ಮತ್ತು ಲಕ್ಷದ್ವೀಪದ ಜಸರಿ ಭಾಷೆಗಳಿಗೆ ಇದರ ಪ್ರಯೋಜನ ದೊರೆಯಿತು. ತುಳುವಿನ 'ಪಡ್ಡಾಯಿ' ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು ಕರಾವಳಿಯ ಮೀನುಗಾರರ ಬದುಕಿಗೆ ಅಳವಡಿಸಿಕೊಂಡ ಚಿತ್ರ. ಹೆಸರಿಗೆ ತುಳುವಿನಲ್ಲಿ ಪಡುವಣ ಎಂಬ ಅರ್ಥವಿದೆ. ಇದನ್ನು ನಿರ್ದೇಶಿಸಿದ ಅಭಯ ಸಿಂಹ ಅವರ ಕನ್ನಡ ಚಿತ್ರ 'ಗುಬ್ಬಚ್ಚಿಗಳು' ಹಿಂದೆ ರಾಷ್ಟ್ರೀಯ ಮಕ್ಕಳ ಚಿತ್ರ ಪ್ರಶಸ್ತಿ ಪಡೆದಿತ್ತು. ಜಸರಿ ಭಾಷೆಯ 'ಸಿಂಜಾರ್' ತನ್ನ ಭಾಷೆಯ ಪ್ರಶಸ್ತಿಯ ಜೊತೆಗೆ ನಿರ್ದೇಶಕ ಪಾಂಪಳ್ಳಿ ಅವರಿಗೆ ಚೊಚ್ಚಲ ಚಿತ್ರದ ಇಂದಿರಾ ಗಾಂಧಿ ಪ್ರಶಸ್ತಿಯನ್ನೂ ತಂದುಕೊಟ್ಟಿತು. ಲಡಾಖಿಯ 'ವಾಕಿಂಗ್ ವಿತ್ ದ ವಿಂಡ್' ಧ್ವನಿವಿನ್ಯಾಸಕ್ಕೂ ಪುರಸ್ಕೃತವಾಯಿತು. ಇತರ ಭಾಷೆಗಳಲ್ಲಿ ಹಿಂದಿಯ 'ನ್ಯೂಟನ್', ಬಂಗಾಳಿಯ 'ಮಯೂರಾಕ್ಷಿ', ಮರಾಠಿಯ 'ಕಚ್ಚಾ ಲಿಂಬೂ', ತಮಿಳಿನ 'ಟು ಲೆಟ್', ತೆಲುಗಿನ 'ಘಾಜಿ', ಅಸ್ಸಾಮಿಯ 'ಇಶು' ಹಾಗೂ ಒಡಿಯಾದ 'ಹಲೋ ಆರ್ಸಿ' ಆಯ್ಕೆಯಾದವು.

ಪ್ರದಾನ ಸಮಾರಂಭ ಮತ್ತು ವಿವಾದ

ವಿಜೇತರು ಮೇ ೨ರಂದು ಪೂರ್ವಾಭ್ಯಾಸಕ್ಕಾಗಿ ದೆಹಲಿಯಲ್ಲಿ ಸೇರಿದ್ದರು. ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಹನ್ನೊಂದು ಪ್ರಶಸ್ತಿಗಳನ್ನು ಮಾತ್ರ ನೀಡುವರೆಂದೂ, ಉಳಿದವುಗಳನ್ನು ಮಾಹಿತಿ ಮತ್ತು ಪ್ರಸಾರ ಸಚಿವೆ ಸ್ಮೃತಿ ಇರಾನಿ ಹಾಗೂ ರಾಜ್ಯ ಸಚಿವ ರಾಜ್ಯವರ್ಧನ್ ಸಿಂಗ್ ರಾಥೋಡ್ ನೀಡುವರೆಂದೂ ಅವರಿಗೆ ಅಲ್ಲಿ ತಿಳಿಯಿತು. ಸಭೆಯಲ್ಲಿ ತೀವ್ರ ಅಸಮಾಧಾನ ವ್ಯಕ್ತವಾಯಿತು. ಸಚಿವೆ ಇರಾನಿ ವಿಜೇತರೊಂದಿಗೆ ಮಾತುಕತೆ ನಡೆಸಿದರೂ ಪರಿಹಾರ ದೊರೆಯಲಿಲ್ಲ.

ಬಳಿಕ ಅರವತ್ತಕ್ಕೂ ಹೆಚ್ಚು ವಿಜೇತರು ಸಹಿ ಮಾಡಿದ ಪತ್ರವೊಂದು ಅಧಿಕಾರಿಗಳಿಗೆ ತಲುಪಿತು. ರಾಷ್ಟ್ರಪತಿಗಳೇ ಪ್ರಶಸ್ತಿ ನೀಡುವರೆಂಬ ತಿಳಿವಳಿಕೆಯಿಂದ ತಾವು ಆಹ್ವಾನವನ್ನು ಒಪ್ಪಿದ್ದಾಗಿಯೂ, ಶಿಷ್ಟಾಚಾರಕ್ಕೆ ಇಷ್ಟೊಂದು ಮಹತ್ವ ಕೊಡುವ ಸಮಾರಂಭವು ಇಂತಹ ಮುಖ್ಯ ಬದಲಾವಣೆಯನ್ನು ಮುಂಚಿತವಾಗಿ ತಿಳಿಸದಿರುವುದು ನಂಬಿಕೆಗೆ ಮಾಡಿದ ಭಂಗವೆಂದೂ ಪತ್ರದಲ್ಲಿ ತಿಳಿಸಲಾಗಿತ್ತು. ಪತ್ರದ ಒಂದು ಅಂಶ ಪತ್ರಿಕಾ ವರದಿಗಳ ಶೀರ್ಷಿಕೆಗಳಲ್ಲಿ ಮರೆಯಾಯಿತು. ಪ್ರಶಸ್ತಿಯನ್ನು ಬಹಿಷ್ಕರಿಸುವ ಉದ್ದೇಶ ತಮಗಿಲ್ಲ, ಅಸಮಾಧಾನವನ್ನು ತಿಳಿಸಲು ಸಮಾರಂಭಕ್ಕೆ ಮಾತ್ರ ಬರುವುದಿಲ್ಲ ಎಂದು ವಿಜೇತರು ಸ್ಪಷ್ಟಪಡಿಸಿದ್ದರು.

ಇದಕ್ಕೆ ಪ್ರತಿಯಾಗಿ ರಾಷ್ಟ್ರಪತಿ ಭವನವು, ಕೋವಿಂದ್ ಅವರು ಅಧಿಕಾರ ವಹಿಸಿಕೊಂಡಂದಿನಿಂದ ಪ್ರಶಸ್ತಿ ಸಮಾರಂಭ ಹಾಗೂ ಘಟಿಕೋತ್ಸವಗಳಲ್ಲಿ ಗರಿಷ್ಠ ಒಂದು ಗಂಟೆ ಮಾತ್ರ ಇರುವುದು ಶಿಷ್ಟಾಚಾರವಾಗಿದೆ ಎಂದು ಹೇಳಿತು. ಈ ವಿಷಯವನ್ನು ಹಲವು ವಾರಗಳ ಮೊದಲೇ ಸಚಿವಾಲಯಕ್ಕೆ ತಿಳಿಸಲಾಗಿತ್ತೆಂದೂ, ಕೊನೆಯ ಗಳಿಗೆಯಲ್ಲಿ ಎದ್ದ ಪ್ರಶ್ನೆಗಳು ಅಚ್ಚರಿ ತಂದಿವೆಯೆಂದೂ ಅದು ಸೇರಿಸಿತು. ಹೀಗೆ ಒಂದು ಕಡೆ ಮೊದಲೇ ತಿಳಿದಿದ್ದ ವಿಷಯ ಇನ್ನೊಂದು ಕಡೆಗೆ ಹಿಂದಿನ ದಿನ ಮುಟ್ಟಿತು. ವಿವಾದದ ಮೂಲ ಇದ್ದದ್ದು ಈ ನಡುವಿನ ಮೌನದಲ್ಲಿ. ಒಂದು ಗಂಟೆಯ ಮಿತಿಯ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿರಬಹುದು, ಆದರೆ ಅದನ್ನು ವಿಜೇತರಿಗೆ ಆಹ್ವಾನದ ಜೊತೆಗೇ ತಿಳಿಸಲು ಅಡ್ಡಿಯೇನೂ ಇರಲಿಲ್ಲ.

ಪ್ರಶಸ್ತಿಯ ಮೊತ್ತ, ಪದಕ, ಪ್ರಮಾಣಪತ್ರ ಯಾವುದೂ ಕೊಡುವ ಕೈಯನ್ನು ಅವಲಂಬಿಸಿರಲಿಲ್ಲ. ಫಾಲ್ಕೆ ಪ್ರಶಸ್ತಿಗೆ ಹತ್ತು ಲಕ್ಷ ರೂಪಾಯಿ, ಅತ್ಯುತ್ತಮ ಕಥಾಚಿತ್ರಕ್ಕೆ ಎರಡೂವರೆ ಲಕ್ಷ, ಭಾಷಾವಾರು ಚಿತ್ರಗಳಿಗೆ ಒಂದು ಲಕ್ಷ, ಅಭಿನಯ ಹಾಗೂ ತಾಂತ್ರಿಕ ವಿಭಾಗಗಳ ರಜತ ಕಮಲಕ್ಕೆ ಐವತ್ತು ಸಾವಿರ ರೂಪಾಯಿ ನಿಗದಿಯಾಗಿತ್ತು. ತಾರಾಮೌಲ್ಯವುಳ್ಳ ನಟರಿಗೆ ಇದು ದೊಡ್ಡ ಮೊತ್ತವಲ್ಲ. ಸಂಕಲನಕಾರ, ಧ್ವನಿಗ್ರಾಹಕ, ಪ್ರಸಾಧನ ಕಲಾವಿದ ಅಥವಾ ಸಾಕ್ಷ್ಯಚಿತ್ರ ನಿರ್ದೇಶಕರಿಗೆ ಇಡೀ ವೃತ್ತಿಜೀವನದಲ್ಲಿ ಒಮ್ಮೆ ದೊರೆಯಬಹುದಾದದ್ದು ರಾಷ್ಟ್ರಪತಿಗಳಿಂದ ಪ್ರಶಸ್ತಿ ಸ್ವೀಕರಿಸುವ ಆ ಕ್ಷಣ. ಹನ್ನೊಂದರ ಪಟ್ಟಿಯಿಂದ ಹೊರಗುಳಿದವರಲ್ಲಿ ಹೆಚ್ಚಿನವರು ಇಂಥವರೇ. ಒಂದೇ ಪ್ರಶಸ್ತಿ ಪರಂಪರೆಯಲ್ಲಿ ಎರಡು ದರ್ಜೆಗಳನ್ನು ಸೃಷ್ಟಿಸಿದಂತಾಯಿತು ಎಂಬ ಆಕ್ಷೇಪ ಬಂದದ್ದು ಈ ಕಾರಣದಿಂದ.

ಮೇ ೩ರ ಕಾರ್ಯಕ್ರಮ ಎರಡು ಭಾಗಗಳಲ್ಲಿ ನಡೆಯಿತು. ಮೊದಲ ಭಾಗದಲ್ಲಿ ಸಚಿವರು ಪ್ರಶಸ್ತಿಗಳನ್ನು ನೀಡಿದರು, ಅನಂತರ ರಾಷ್ಟ್ರಪತಿಗಳು ಆಗಮಿಸಿದರು. ವಿನೋದ್ ಖನ್ನಾ ಅವರ ಪರವಾಗಿ ಪುತ್ರ ಅಕ್ಷಯ್ ಖನ್ನಾ ಹಾಗೂ ಪತ್ನಿ ಕವಿತಾ ಖನ್ನಾ, ಶ್ರೀದೇವಿ ಅವರ ಪರವಾಗಿ ಬೋನಿ ಕಪೂರ್ ಹಾಗೂ ಪುತ್ರಿಯರಾದ ಜಾಹ್ನವಿ ಮತ್ತು ಖುಷಿ ಪ್ರಶಸ್ತಿ ಸ್ವೀಕರಿಸಿದರು. ಋದ್ಧಿ ಸೇನ್, ರಿಮಾ ದಾಸ್, ನಾಗರಾಜ್ ಮಂಜುಳೆ ಮೊದಲಾದವರು ರಾಷ್ಟ್ರಪತಿಗಳಿಂದ ಪ್ರಶಸ್ತಿ ಪಡೆದವರಲ್ಲಿ ಸೇರಿದ್ದರು. ಫಹಾದ್ ಫಾಸಿಲ್, ಕೌಶಿಕ್ ಗಂಗೂಲಿ ಸೇರಿದಂತೆ ಅನೇಕರು ಗೈರುಹಾಜರಾದರು. ಯೇಸುದಾಸ್ ಹಾಗೂ ಜಯರಾಜ್ ಅವರು ಮನವಿಪತ್ರಕ್ಕೆ ಸಹಿ ಹಾಕಿಯೂ ಸಮಾರಂಭದಲ್ಲಿ ಭಾಗವಹಿಸಿದ್ದು ಕೇರಳದಲ್ಲಿ ಪ್ರತ್ಯೇಕ ಚರ್ಚೆಗೆ ಎಡೆಮಾಡಿತು. ಗೈರಾದವರು ರಾಷ್ಟ್ರಪತಿ ಹುದ್ದೆಗೆ ಅಗೌರವ ತೋರಿದರೆಂಬ ಟೀಕೆಯೂ ಕೇಳಿಬಂದಿತು.

ನಂತರದ ಬೆಳವಣಿಗೆಗಳು

ಸಮಾರಂಭ ನಡೆದ ಹನ್ನೊಂದನೆಯ ದಿನ, ಮೇ ೧೪ರಂದು, ಕೇಂದ್ರ ಸಚಿವ ಸಂಪುಟದ ಖಾತೆಗಳು ಬದಲಾದವು. ಮಾಹಿತಿ ಮತ್ತು ಪ್ರಸಾರ ಖಾತೆಯ ಹೊಣೆ ಸ್ಮೃತಿ ಇರಾನಿ ಅವರಿಂದ ರಾಜ್ಯವರ್ಧನ್ ಸಿಂಗ್ ರಾಥೋಡ್ ಅವರಿಗೆ ಬಂದಿತು. ಈ ಬದಲಾವಣೆಗೆ ಸರ್ಕಾರ ಪ್ರಶಸ್ತಿ ವಿವಾದವನ್ನು ಕಾರಣವಾಗಿ ಹೇಳಲಿಲ್ಲ.

೬೬ನೆಯ ಪ್ರಶಸ್ತಿಗಳನ್ನು ೨೩ ಡಿಸೆಂಬರ್ ೨೦೧೯ರಂದು ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಪ್ರದಾನ ಮಾಡಿದರು. ಆ ಸಾಲಿನ ಫಾಲ್ಕೆ ಪ್ರಶಸ್ತಿಯನ್ನು ಮಾತ್ರ ಕೆಲವು ದಿನಗಳ ಬಳಿಕ ರಾಷ್ಟ್ರಪತಿ ಭವನದಲ್ಲಿ ಕೋವಿಂದ್ ಅವರು ಅಮಿತಾಭ್ ಬಚ್ಚನ್ ಅವರಿಗೆ ನೀಡಿದರು. ೬೭ನೆಯ ಪ್ರಶಸ್ತಿಗಳನ್ನೂ ೨೦೨೧ರ ಅಕ್ಟೋಬರ್ ೨೫ರಂದು ನಾಯ್ಡು ಅವರೇ ನೀಡಿದರು. ರಾಷ್ಟ್ರಪತಿಗಳು ಮತ್ತೆ ವಿಜ್ಞಾನ ಭವನದ ವೇದಿಕೆಯಲ್ಲಿ ಈ ಪ್ರಶಸ್ತಿಗಳನ್ನು ಪ್ರದಾನ ಮಾಡಿದ್ದು ೩೦ ಸೆಪ್ಟೆಂಬರ್ ೨೦೨೨ರಂದು, ದ್ರೌಪದಿ ಮುರ್ಮು ಅವರ ಅವಧಿಯಲ್ಲಿ. ಅಷ್ಟರಲ್ಲಿ ಚಲನಚಿತ್ರೋತ್ಸವ ನಿರ್ದೇಶನಾಲಯವು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡಿತ್ತು. ೭೦ನೆಯ ಪ್ರಶಸ್ತಿಗಳಿಂದ ಚೊಚ್ಚಲ ನಿರ್ದೇಶನದ ಪ್ರಶಸ್ತಿಯಿಂದ ಇಂದಿರಾ ಗಾಂಧಿ ಅವರ ಹೆಸರನ್ನೂ, ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯಿಂದ ನರ್ಗಿಸ್ ದತ್ ಅವರ ಹೆಸರನ್ನೂ ಕೈಬಿಡಲಾಯಿತು.